ಸೌದೆ ಕುಯ್ಯುವಾಗ ಕಾಲಿಗೇನು: ಚ್ಯಾಪ್ಸ್ ಕಟ್ಟಬೇಕೋ, ಕವಚದ ಪ್ಯಾಂಟ್ ಹಾಕಬೇಕೋ?

ಮಲೆನಾಡಲ್ಲಿ ಅಡಿಕೆ ಕೊಯ್ಲು ಮುಗಿದು ಮಳೆ ಹಿಡಿಯುವುದರೊಳಗೆ ಸೌದೆ ಕೊಟ್ಟಿಗೆ ತುಂಬಬೇಕು. ಬಚ್ಚಲ ಹಂಡೆಗೆ ವರ್ಷಪೂರ್ತಿ, ಅಡಿಕೆ ಬೇಯಿಸುವ ಒಲೆಗೆ ಸೀಸನ್ನಿನಲ್ಲಿ ಬೇಕೇ ಬೇಕು. ಕೊಡಲಿ ಮತ್ತು ಇಬ್ಬರು ಎಳೆಯುವ ಗರಗಸದ ಜಾಗಕ್ಕೆ ಈಗ ಹೆಚ್ಚಿನ ಮನೆಗಳಲ್ಲಿ ಚೈನ್ ಸಾ ಬಂದಿದೆ. ಅಂಗಡಿಯವರು ಮಿಷನ್ನಿನ ಜೊತೆ ಒಂದು ಸ್ಪೇರ್ ಚೈನು, ಟೂಟಿ ಆಯಿಲ್ಲು, ಅರ ಕೊಡುತ್ತಾರೆ. ಕಾಲಿಗೆ ಏನು ಹಾಕಿಕೊಳ್ಳುತ್ತೀರಿ ಎಂದು ಕೇಳುವ ಅಂಗಡಿ ಅಪರೂಪ. ಕೇಳಿದರೂ ಬಹಳ ಸಲ ಕೈಗೆ ಬರುವುದು ಕಳೆ ಹೊಡೆಯುವ ಮಿಷನ್ನಿನ ರೆಕ್ಸಿನ್ ಏಪ್ರನ್. ಅದು ಚೈನ್ ಸಾ ಕೆಲಸಕ್ಕೆ ಅಲ್ಲ. ಯಾಕೆಂದು ಮುಂದೆ ಹೇಳುತ್ತೇವೆ.

ಮೊದಲು, ಚೈನು ಕಾಲಿಗೆ ಬರುವುದು ಹೇಗೆ ಎಂಬುದು ಗೊತ್ತಿರಬೇಕು, ಏನು ಕೊಳ್ಳಬೇಕೆಂಬುದು ಅದರ ಮೇಲೆ ನಿಂತಿದೆ. ಚೈನ್ ಸಾ ಹಿಡಿಯುವವರೆಲ್ಲ, ಎಡಚರೂ ಸೇರಿ, ಬಲಗೈಯನ್ನು ಹಿಂದಿನ ಹಿಡಿಕೆಗೆ, ಎಡಗೈಯನ್ನು ಮುಂದಿನ ಹಿಡಿಕೆಗೆ ಕೊಡುತ್ತಾರೆ. ಯಂತ್ರ ಮಾಡಿರುವುದೇ ಹಾಗೆ. ಎಡಗಾಲು ಒಂದು ಹೆಜ್ಜೆ ಮುಂದೆ ಇರುತ್ತದೆ. ನೆಲದ ಮೇಲಿನ ದಿಮ್ಮಿಯನ್ನು ಕುಯ್ಯುತ್ತಾ ಬರುವಾಗ ಕೊನೆಯ ಒಂದಿಂಚು ತಟ್ಟನೆ ಬಿಟ್ಟುಕೊಳ್ಳುತ್ತದೆ. ಅಷ್ಟು ಹೊತ್ತು ಮಿಷನ್ನಿನ ಭಾರ ಹೊತ್ತಿದ್ದು ಮರ, ಈಗ ಹೊರಬೇಕಾದ್ದು ನಿಮ್ಮ ತೋಳು. ಬಾರ್, ಅಂದರೆ ಚೈನು ಸುತ್ತುವ ಉದ್ದನೆಯ ಪಟ್ಟಿ, ಜೋತಾಡಿ ಒಳಕ್ಕೆ ಬರುತ್ತದೆ. ಅಲ್ಲಿರುವುದು ಎಡತೊಡೆ, ಎಡಮೊಣಕಾಲು, ಮೊಣಕಾಲಿನ ಕೆಳಗಿನ ಎಲುಬು. ಆ ಹೊತ್ತಿಗೆ ಆಕ್ಸಿಲರೇಟರ್ ಬಿಟ್ಟಿದ್ದರೂ ಚೈನು ಒಂದೆರಡು ಸೆಕೆಂಡು ಉರುಳುತ್ತಲೇ ಇರುತ್ತದೆ. ಮೊಂಡು ಚೈನಾದರೆ ಇನ್ನೂ ಕಷ್ಟ: ಕುಯ್ಯುವುದಿಲ್ಲ ಎಂದು ಮೈಭಾರ ಹಾಕಿ ಒತ್ತಿರುತ್ತೀರಿ, ಮರ ಬಿಟ್ಟೊಡನೆ ಒತ್ತಡವೆಲ್ಲ ಕಾಲಿನ ಕಡೆಗೆ.

ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 20 ಮೀಟರ್ ಓಡುವ ಚೈನಿನಲ್ಲಿ ಪ್ರತಿ 33 ಮಿಲಿಮೀಟರಿಗೆ ಒಂದು ಹಲ್ಲು ಇದ್ದರೆ (ಪಾಯಿಂಟ್ 325 ಪಿಚ್‌ನ ಚೈನಿನಲ್ಲಿ ಹೆಚ್ಚುಕಡಿಮೆ ಇಷ್ಟೇ; ಪಿಚ್ ಅಂದರೆ ಚೈನಿನ ರಿವೆಟ್ಟುಗಳ ನಡುವಿನ ಸರಾಸರಿ ಅಂತರ, ಇಂಚಿನಲ್ಲಿ), ಒಂದು ಜಾಗದ ಮೇಲೆ ಸೆಕೆಂಡಿಗೆ ಸುಮಾರು 600 ಹಲ್ಲು ಹಾಯುತ್ತದೆ. ‘ಅಯ್ಯೋ’ ಎಂದು ಕೈ ಹಿಂದೆಗೆಯಲು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ 150 ಹಲ್ಲು. ಕತ್ತಿಯ ಗಾಯ ಸೀಳು, ಹೊಲಿದರೆ ಕೂಡುತ್ತದೆ. ಚೈನಿನ ಗಾಯ ಹಾಗಲ್ಲ, ಆರೇಳು ಮಿಲಿಮೀಟರ್ ಅಗಲಕ್ಕೆ ಮಾಂಸವನ್ನೇ ಕೆತ್ತಿಕೊಂಡು ಹೋಗುತ್ತದೆ, ಒಳಗೆ ಎಣ್ಣೆ, ಮರದ ಪುಡಿ, ಬಟ್ಟೆಯ ಚೂರು ತುಂಬಿರುತ್ತದೆ.

ಕವಚ ಮಾಡುವ ಕೆಲಸವೇನು

ಚೈನಿಗೆ ಅಡ್ಡ ನಿಂತು ಅದನ್ನು ತಡೆಯುವ ಬಟ್ಟೆ ಇಲ್ಲ. ಕಾಲಿನ ಕವಚ ಚೈನನ್ನು ತಡೆಯುವುದಿಲ್ಲ, ಸಿಕ್ಕಿಹಾಕಿಸುತ್ತದೆ. ಹೊರಗೆ ಗಟ್ಟಿ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ, ಒಳಗೆ ಹಲವು ಪದರ ಸಡಿಲ ಹೆಣಿಗೆಯ ಉದ್ದನೆಯ ನೂಲು. ಪಾಲಿಯೆಸ್ಟರ್, ನೈಲಾನ್, ಕೆವ್ಲಾರ್, ಡೈನೀಮಾ ಹೀಗೆ ಕಂಪನಿಗೊಂದು ಬಗೆ. ಹಲ್ಲು ಹೊರಬಟ್ಟೆ ಹರಿದೊಡನೆ ಒಳಗಿನ ನೂಲು ಹಲ್ಲಿಗೆ ಸಿಕ್ಕಿ, ಗೇಣು ಗೇಣು, ಮೊಳ ಮೊಳ ಎಳೆದುಕೊಂಡು ಹೋಗಿ ಚೈನನ್ನು ಓಡಿಸುವ ಹಲ್ಲುಚಕ್ರಕ್ಕೆ, ಅಂದರೆ ಸ್ಪ್ರಾಕೆಟ್ಟಿಗೆ, ಸುತ್ತಿಕೊಳ್ಳುತ್ತದೆ. ಸೀರೆ ಸೆರಗು ಸೈಕಲ್ ಚಕ್ರಕ್ಕೆ ಸಿಕ್ಕ ಹಾಗೆ. ಸ್ಪ್ರಾಕೆಟ್ ಬಿಗಿದರೆ ಪೆಟ್ರೋಲ್ ಮಿಷನ್ನಿನ ಕ್ಲಚ್ ಜಾರುತ್ತದೆ ಅಥವಾ ಇಂಜಿನ್ನೇ ನಿಲ್ಲುತ್ತದೆ. ಇದೆಲ್ಲ ಸೆಕೆಂಡಿನ ಸಣ್ಣ ತುಣುಕಿನಲ್ಲಿ ಆಗುತ್ತದೆ.

ಈ ಒಂದು ವಿಷಯ ಮನಸ್ಸಿನಲ್ಲಿ ಕೂತರೆ ಮುಂದಿನದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ನೂಲು ಎಳೆದುಕೊಂಡು ಬರಬೇಕು. ಅದು ಬರದಂತೆ ಮಾಡುವ ಯಾವುದೇ ಆಗಲಿ, ಮೇಲೆ ಹಾಕಿದ ಹೊಲಿಗೆ, ಕುಡಿದ ಎಣ್ಣೆ, ಕರಗಿ ಅಂಟಿದ ಪ್ಲಾಸ್ಟಿಕ್ಕು, ಕವಚವನ್ನು ಬರೀ ದಪ್ಪ ಬಟ್ಟೆಯನ್ನಾಗಿ ಮಾಡುತ್ತದೆ.

ಕವಚ ಅಲ್ಲದವು

ಕಳೆ ಮಿಷನ್ನಿನ ಏಪ್ರನ್ ಇರುವುದು ಹಾರುವ ಕಲ್ಲು, ಹುಲ್ಲು, ಕೆಸರಿಗೆ. ಒಳಗೆ ನೂಲಿಲ್ಲ. ಚೈನಿಗೆ ಅದು ಬಾಳೆ ಎಲೆ. ಅದೇ ಮಿಷನ್ನಿಗೆ ಮಾರುವ ಪ್ಲಾಸ್ಟಿಕ್ ಮೊಣಕಾಲು ಗಾರ್ಡು ಕೂಡ ಅಷ್ಟೇ. ನುಣುಪು ಗಟ್ಟಿ ಮೈಯಿಂದ ಚೈನು ಜಾರಿ ಎಲ್ಲಿಗೆ ಹೋಗುತ್ತದೆ ಎಂದು ಹೇಳಲಾಗದು. ಜೀನ್ಸ್ ಪ್ಯಾಂಟ್ ಎರಡು ಹಾಕಿದರೂ ಒಂದೇ. ಗೋಣಿಚೀಲ ಸುತ್ತಿಕೊಂಡವರು ಇದ್ದಾರೆ, ಕ್ರಿಕೆಟ್ ಪ್ಯಾಡ್ ಕಟ್ಟಿಕೊಂಡವರೂ ಇದ್ದಾರೆ. ಗೋಣಿಯ ನಾರು ಮೋಟು, ಹಲ್ಲಿಗೆ ಸಿಕ್ಕ ಕಡೆ ತುಂಡಾಗುತ್ತದೆ, ಸ್ಪ್ರಾಕೆಟ್ಟಿನ ತನಕ ಹೋಗಿ ಬಿಗಿಯುವಷ್ಟು ಉದ್ದ ಬರುವುದಿಲ್ಲ. ಪ್ಯಾಡಿನ ಬೆತ್ತವನ್ನು ಚೈನು ಬೆತ್ತ ಅಂತಲೇ ಕುಯ್ಯುತ್ತದೆ. ಲುಂಗಿ, ಪಂಚೆ ಉಟ್ಟು ಮಿಷನ್ ಹಿಡಿಯುವುದು ಇವೆಲ್ಲಕ್ಕಿಂತ ಕೆಟ್ಟದ್ದು. ಇದೂ ಬಟ್ಟೆ ಸಿಕ್ಕಿಹಾಕಿಕೊಳ್ಳುವ ಕತೆಯೇ, ಆದರೆ ಇಲ್ಲಿ ಚೈನು ನಿಲ್ಲುವ ಮೊದಲು ಬಟ್ಟೆ ಚೈನನ್ನು ಕಾಲಿಗೆ ಎಳೆದು ತರುತ್ತದೆ.

ಚ್ಯಾಪ್ಸ್

ಸೊಂಟಕ್ಕೆ ಒಂದು ಬೆಲ್ಟು, ಎರಡು ಕಾಲಿನ ಮುಂದೆ ಇಳಿಬಿದ್ದ ಎರಡು ಹಲಗೆಯಂಥ ಪದರ, ಹಿಂದೆ ಕ್ಲಿಪ್ಪು ಅಥವಾ ಜಿಪ್ಪು. ಹಾಕಿದ ಪ್ಯಾಂಟಿನ ಮೇಲೇ ಕಟ್ಟಿಕೊಳ್ಳಬಹುದು, ಅರ್ಧ ನಿಮಿಷದ ಕೆಲಸ. ಊಟಕ್ಕೆ ಕೂತಾಗ ಬಿಚ್ಚಿ ಬೇಲಿಗೆ ನೇತುಹಾಕಬಹುದು. ಹಿಂಭಾಗ ಬಯಲಾಗಿರುವುದರಿಂದ ಸೆಕೆ ಕಡಿಮೆ. ಬೆಲ್ಟ್ ಎಳೆದು ಸಡಿಲಿಸಿ ಬೇರೆ ಬೇರೆ ಸೊಂಟದವರು ಹಂಚಿಕೊಳ್ಳಬಹುದು. ಮನೆಯಲ್ಲಿ ಒಂದೇ ಮಿಷನ್ನು, ಇವತ್ತು ಮಗ ಹಿಡಿಯುತ್ತಾನೆ, ನಾಳೆ ಆಳು ಹಿಡಿಯುತ್ತಾನೆ ಎನ್ನುವ ಕಡೆ ಇದು ದೊಡ್ಡ ಅನುಕೂಲ. ಬೆಲೆಯೂ ಪ್ಯಾಂಟಿಗಿಂತ ಕಡಿಮೆ.

ಇದರ ದೋಷ ಒಂದೇ, ಆದರೆ ಸಣ್ಣದಲ್ಲ: ತಿರುಗುತ್ತದೆ. ಮೇಲಿನ ಬೆಲ್ಟ್ ಮತ್ತು ತೊಡೆಯ ಕ್ಲಿಪ್ ಹಾಕಿ, ಕೆಳಗಿನದ್ದು ರೇಜಿಗೆ ಎಂದು ಬಿಟ್ಟರೆ ಮೂರು ಸಲ ಬಗ್ಗಿ ಏಳುವಷ್ಟರಲ್ಲಿ ಪದರ ಕಾಲಿನ ಒಂದು ಪಕ್ಕಕ್ಕೆ ಸರಿದಿರುತ್ತದೆ. ಎದುರಿಗೆ ಬರೀ ಪ್ಯಾಂಟು. ಆದ್ದರಿಂದ ಚ್ಯಾಪ್ಸ್ ಕೊಳ್ಳುವಾಗ ಮೀನಖಂಡವನ್ನು ಸುತ್ತಿ ಹಿಡಿಯುವ ಬಗೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಪಾದದ ತನಕ ಜಿಪ್ ಇರುವುದು ಇನ್ನೂ ಒಳ್ಳೆಯದು. ಬರೀ ಕ್ಲಿಪ್ಪಿನದ್ದಾದರೆ ಎಲ್ಲಾ ಕ್ಲಿಪ್ ಹಾಕಿ, ಮಿಕ್ಕ ಪಟ್ಟಿಯ ತುದಿಯನ್ನು ಒಳಗೆ ಸಿಕ್ಕಿಸಿ. ಹಿಂದೆ ಜೋತಾಡುವ ಪಟ್ಟಿ ಲಂಟಾನದ ಪೊದೆಗೆ ಸಿಕ್ಕಿಕೊಂಡು, ಓಡುವ ಮಿಷನ್ ಕೈಯಲ್ಲಿದ್ದಾಗಲೇ ಮುಗ್ಗರಿಸುತ್ತೀರಿ.

ಕವಚದ ಪ್ಯಾಂಟ್: ಟೈಪ್ ಎ ಮತ್ತು ಟೈಪ್ ಸಿ

ಯುರೋಪಿನ ಮಾನದಂಡದಲ್ಲಿ ಕವಚ ಎಲ್ಲಿಂದ ಎಲ್ಲಿಯವರೆಗೆ ಎಂಬುದಕ್ಕೆ ಮೂರು ನಮೂನೆ ಇವೆ. ಟೈಪ್ ಎ ಅಂದರೆ ಎರಡೂ ಕಾಲಿನ ಮುಂದಿನ ಅರ್ಧಸುತ್ತು, ಜೊತೆಗೆ ಬಲಗಾಲಿನ ಒಳಮೈಗೆ 5 ಸೆಂಟಿಮೀಟರ್, ಎಡಗಾಲಿನ ಹೊರಮೈಗೆ 5 ಸೆಂಟಿಮೀಟರ್ ಹೆಚ್ಚು. ಟೈಪ್ ಬಿ ಅಂದರೆ ಅದೇ, ಎಡಗಾಲಿನ ಒಳಮೈಗೂ 5 ಸೆಂಟಿಮೀಟರ್. ಟೈಪ್ ಸಿ ಅಂದರೆ ಕಾಲಿನ ಸುತ್ತಲೂ, 360 ಡಿಗ್ರಿ. ಪ್ಯಾಂಟಿನಲ್ಲಿ ಪದರ ಕೆಳಅಂಚಿನಿಂದ 5 ಸೆಂಟಿಮೀಟರಿನೊಳಗೆ ಶುರುವಾಗಿ ತೊಡೆಸಂದಿಗಿಂತ ಕನಿಷ್ಠ 20 ಸೆಂಟಿಮೀಟರ್ ಮೇಲಿನ ತನಕ ಇರಬೇಕು.

ಟೈಪ್ ಎ ಪ್ಯಾಂಟ್ ಮತ್ತು ಚ್ಯಾಪ್ಸ್ ಕಾಯುವ ಜಾಗ ಬಹುತೇಕ ಒಂದೇ. ಹಾಗಾದರೆ ಪ್ಯಾಂಟಿಗೆ ಯಾಕೆ ಹೆಚ್ಚು ದುಡ್ಡು? ತಿರುಗುವುದಿಲ್ಲ, ಪಟ್ಟಿ ಇಲ್ಲ, ಬಗ್ಗಿ ಕೂರಲು ಸಲೀಸು, ಪೊದೆಯಲ್ಲಿ ನುಗ್ಗಿ ಓಡಾಡಬಹುದು. ದಿನಕ್ಕೆ ಆರೇಳು ತಾಸು, ತಿಂಗಳುಗಟ್ಟಲೆ ಮಿಷನ್ ಹಿಡಿಯುವವರಿಗೆ ಇದೇ ಸರಿ. ವರ್ಷದಲ್ಲಿ ಹತ್ತು ದಿನ ಹಿಡಿಯುವವರಿಗೆ ಇದು ದುಬಾರಿ, ಅಷ್ಟೇ ಅಲ್ಲ, ‘ಎರಡೇ ಕೊರಡು ಇರೋದು, ಪ್ಯಾಂಟ್ ಬದಲಿಸೋದ್ಯಾಕೆ’ ಎಂದು ಹಾಕಿಕೊಳ್ಳದೇ ಇರಲು ಒಳ್ಳೆಯ ನೆಪ ಕೂಡ. ಅಪಘಾತ ಆ ಎರಡೇ ಕೊರಡಿನಲ್ಲಿ ಆಗಬಾರದೆಂದೇನಿಲ್ಲ. ಮನೆಬಳಕೆಗೆ ನಾವು ಚ್ಯಾಪ್ಸ್ ಕಡೆ ವಾಲುವುದು ಈ ಕಾರಣಕ್ಕೇ.

ಟೈಪ್ ಸಿ ಯಾರಿಗೆ? ಮರ ಹತ್ತಿ ಕುಯ್ಯುವವರಿಗೆ. ಕಾಫಿ ತೋಟದಲ್ಲಿ ಸಿಲ್ವರ್ ಓಕಿನ ನೆರಳು ಸವರುವವರು ಹಗ್ಗದಲ್ಲಿ ಜೋತು, ಒಂದು ಕಾಲು ಕಾಂಡದ ಆಚೆ, ಒಂದು ಈಚೆ ಇಟ್ಟು ಕುಯ್ಯುತ್ತಾರೆ. ಅಲ್ಲಿ ಎದುರು ಯಾವುದು, ಹಿಂದು ಯಾವುದು ಎಂಬುದೇ ಇಲ್ಲ; ಬಾರ್ ಮೀನಖಂಡಕ್ಕೂ ತಾಗಬಹುದು. ಮಿಷನ್ ಕೈಗೆ ಹೊಸದು, ನಿಲ್ಲುವ ರೀತಿ ಇನ್ನೂ ರೂಢಿಯಾಗಿಲ್ಲ ಎನ್ನುವವರಿಗೂ ಸುತ್ತುಕವಚ ಒಳ್ಳೆಯದೇ. ಆದರೆ ಏಪ್ರಿಲ್ ತಿಂಗಳ ಕರಾವಳಿಯಲ್ಲಿ ಟೈಪ್ ಸಿ ಪ್ಯಾಂಟ್ ಹಾಕಿ ನೆಲದ ಮೇಲಿನ ಗಾಳಿಮರ ಕುಯ್ಯುವುದೆಂದರೆ ಕಂಬಳಿ ಸುತ್ತಿಕೊಂಡು ಗದ್ದೆ ಉತ್ತ ಹಾಗೆ. ದಣಿದ ಕೈ ಮಿಷನ್ನನ್ನು ಕೆಳಗೆ ಬಿಡುತ್ತದೆ. ನೆಲದ ಸೌದೆ ಕೆಲಸಕ್ಕೆ ಟೈಪ್ ಎ ಸಾಕು.

ಎದೆಯ ತನಕ ಬರುವ ಡಂಗರಿ ನಮೂನೆಯೂ ಇದೆ. ಸೊಂಟದ ಬೆಲ್ಟ್ ಒತ್ತುವುದಿಲ್ಲ, ಪುಡಿ ಒಳಗೆ ಹೋಗುವುದಿಲ್ಲ. ಚಳಿ ದೇಶದ ಕಾಡಿನವರಿಗೆ ಅದು ಇಷ್ಟ. ಕೆನಡಾ, ಜರ್ಮನಿ, ಅಮೆರಿಕದ ಉತ್ತರ ಭಾಗಗಳಲ್ಲಿ ಮನೆ ಮಾಡಿಕೊಂಡು ಫೈರ್‌ಪ್ಲೇಸಿಗೆ ಕಟ್ಟಿಗೆ ಕುಯ್ಯುವ ಕನ್ನಡಿಗರು ನೋಡಬಹುದು. ನಮ್ಮ ಹವೆಗೆ ಬೇಡ.

ಕ್ಲಾಸ್ ಎಂಬ ಅಂಕಿ

ಲೇಬಲ್ಲಿನಲ್ಲಿ ಗರಗಸದ ಚಿತ್ರ, ಕೆಳಗೆ ಇಎನ್ ಐಎಸ್ಒ 11393-2 ಎಂದು ಇರಬೇಕು. ಹಳೆಯ ಸರಕಿನಲ್ಲಿ ಇಎನ್ 381-5 ಎಂದಿರುತ್ತದೆ. ಅಮೆರಿಕದ ಮಾಲಾದರೆ ಎಎಸ್‌ಟಿಎಂ ಎಫ್ 1897. ಯುರೋಪಿನದ್ದರಲ್ಲಿ ಕ್ಲಾಸ್ ಕೂಡ ಬರೆದಿರುತ್ತದೆ: ಕ್ಲಾಸ್ 0 ಅಂದರೆ ಸೆಕೆಂಡಿಗೆ 16 ಮೀಟರ್ ಓಡುವ ಚೈನಿನಲ್ಲಿ ಪರೀಕ್ಷೆಯಾದದ್ದು, ಕ್ಲಾಸ್ 1 ಅಂದರೆ 20, ಕ್ಲಾಸ್ 2 ಅಂದರೆ 24, ಕ್ಲಾಸ್ 3 ಅಂದರೆ 28.

ನಿಮ್ಮ ಮಿಷನ್ನಿನ ಚೈನು ಎಷ್ಟು ಓಡುತ್ತದೆ ಎಂದು ಮನೆಯಲ್ಲೇ ಲೆಕ್ಕ ಹಾಕಬಹುದು. ಸ್ಪ್ರಾಕೆಟ್ಟಿನ ಹಲ್ಲು ಎಣಿಸಿ, ಅದನ್ನು ಪಿಚ್‌ನ ಎರಡರಷ್ಟರಿಂದ ಗುಣಿಸಿ. ಒಂದು ಸುತ್ತಿಗೆ ಚೈನು ಎಷ್ಟು ಸರಿಯುತ್ತದೆಂದು ಸಿಗುತ್ತದೆ. ಪಾಯಿಂಟ್ 325 ಪಿಚ್ ಅಂದರೆ 8.25 ಮಿಲಿಮೀಟರ್, 7 ಹಲ್ಲಿನ ಸ್ಪ್ರಾಕೆಟ್ಟಿಗೆ 7 × 16.5, ಅಂದರೆ ಸುಮಾರು 115 ಮಿಲಿಮೀಟರ್. ಇಂಜಿನ್ ನಿಮಿಷಕ್ಕೆ 10,000 ಸುತ್ತು ಹೊಡೆದರೆ ಸೆಕೆಂಡಿಗೆ 19 ಮೀಟರ್ ಚಿಲ್ಲರೆ. 12,500 ಸುತ್ತಿಗೆ 24 ಮೀಟರ್. ಮನೆಬಳಕೆಯ 30 ಸಿಸಿಯ ಸಣ್ಣ ಮಿಷನ್ನಿಗೆ ತ್ರೀ-ಏಯ್ಟ್ ಲೋ ಪ್ರೊಫೈಲ್ ಚೈನು, 6 ಹಲ್ಲು ಇದ್ದರೆ ಸುತ್ತಿಗೆ 112 ಮಿಲಿಮೀಟರ್, ಅದೂ ದೂರವೇನಿಲ್ಲ.

ಅಂದರೆ ಪುಟ್ಟ ಮಿಷನ್ನೂ ಮರದಿಂದ ಹೊರಗೆ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕ್ಲಾಸ್ 1ರ 20 ಮೀಟರ್ ದಾಟಬಹುದು. ‘ಸಣ್ಣ ಮಿಷನ್ನು, ಏನೂ ಆಗಲ್ಲ’ ಎಂಬ ಮಾತು ಇಲ್ಲಿಗೆ ಮುಗಿಯಿತು. ಹಾಗಂತ ಕ್ಲಾಸ್ 3 ಹುಡುಕಿಕೊಂಡು ಹೋಗಬೇಕಿಲ್ಲ. ಅದು ದಪ್ಪ, ಭಾರ, ಸಿಗುವುದೂ ಕಷ್ಟ. ಕಾಲಿಗೆ ತಾಗುವ ಹೊತ್ತಿಗೆ ಬಹಳ ಸಲ ಆಕ್ಸಿಲರೇಟರ್ ಬಿಟ್ಟಾಗಿರುತ್ತದೆ, ಚೈನಿನ ವೇಗ ಇಳಿಯುತ್ತಿರುತ್ತದೆ. 30ರಿಂದ 45 ಸಿಸಿಯ ಮಿಷನ್ನಿಗೆ ಕ್ಲಾಸ್ 1 ಸಮಂಜಸ. ಆನ್‌ಲೈನಿನಲ್ಲಿ ಸಿಗುವ 58 ಸಿಸಿ, 22 ಇಂಚು ಬಾರಿನ ಮಿಷನ್ ಇಟ್ಟುಕೊಂಡವರು ಕ್ಲಾಸ್ 2 ಸಿಕ್ಕರೆ ಅದಕ್ಕೆ ಹೋಗಲಿ. ಅಂಥವರಿಗೆ ಇನ್ನೊಂದು ಮಾತು: ಒಂದು ಅಡಿ ದಪ್ಪದ ಅಕೇಶಿಯಾ ಕುಯ್ಯಲು 16 ಇಂಚು ಬಾರ್ ಧಾರಾಳ. ಉದ್ದನೆಯ ಬಾರಿನ ಮಿಕ್ಕ ತುದಿ ದಿಮ್ಮಿಯ ಆಚೆ ಕಾಣದೆ ಆಡುತ್ತಿರುತ್ತದೆ. ಅಲ್ಲಿ ಇನ್ನೊಂದು ಕೊಂಬೆಗೆ ತಗುಲಿದರೆ ಮಿಷನ್ ಮುಖದ ಕಡೆಗೆ ಒದೆಯುತ್ತದೆ. ಅದಕ್ಕೆ ಕಾಲಿನ ಕವಚ ಉಪಯೋಗಕ್ಕೆ ಬಾರದು.

ಬ್ಯಾಟರಿ ಮಿಷನ್ ಇದ್ದರೆ

ಕರೆಂಟಿನ ಮತ್ತು ಬ್ಯಾಟರಿಯ ಚೈನ್ ಸಾ ಶಬ್ದ ಕಡಿಮೆ, ಹೊಗೆ ಇಲ್ಲ. ಆದ್ದರಿಂದಲೇ ಆಟಿಕೆ ಎಂಬ ಭಾವನೆ ಹುಟ್ಟುತ್ತದೆ. ಪೆಟ್ರೋಲ್ ಇಂಜಿನ್ನಿನ ಸುತ್ತು ಇಳಿದ ಹಾಗೆ ಬಲವೂ ಇಳಿಯುತ್ತದೆ, ನೂಲು ಬಿಗಿದಾಗ ಕ್ಲಚ್ ಜಾರಿ ಬಿಡುತ್ತದೆ. ಎಲೆಕ್ಟ್ರಿಕ್ ಮೋಟರ್ ಹಾಗಲ್ಲ, ನಿಂತಲ್ಲಿಂದಲೇ ಪೂರ್ತಿ ತಿರುಚುಬಲ ಕೊಡುತ್ತದೆ, ಸಿಕ್ಕಿದ ನೂಲನ್ನು ಹರಿದು ಮುಂದೆ ಹೋಗಲು ನೋಡುತ್ತದೆ. ಅಮೆರಿಕದ ಎಷ್ಟೋ ಚ್ಯಾಪ್ಸ್ ಲೇಬಲ್ಲುಗಳಲ್ಲಿ ಎಲೆಕ್ಟ್ರಿಕ್ ಗರಗಸಕ್ಕೆ ಇದು ಭರವಸೆಯಲ್ಲ ಎಂದು ನೇರವಾಗಿ ಬರೆದಿರುತ್ತದೆ. ಕೊಳ್ಳುವ ಮುಂಚೆ ಲೇಬಲ್ಲಿನಲ್ಲಿ ಈ ಸಾಲು ಹುಡುಕಿ. ಬ್ಯಾಟರಿ ಮಿಷನ್ನಿಗೆ ಕವಚ ಬೇಡ ಎಂದಲ್ಲ. ಇದ್ದರೆ ಗಾಯ ಆಳ ಕಡಿಮೆಯಾಗುವ ಸಾಧ್ಯತೆ ಇದ್ದೇ ಇದೆ. ಆದರೆ ಪೆಟ್ರೋಲ್ ಮಿಷನ್ನಿನಷ್ಟೇ ಖಚಿತವಾಗಿ ನಿಲ್ಲುತ್ತದೆ ಎಂದು ನಂಬಿ ಕುಯ್ಯಬೇಡಿ. ಒಂದೇ ಕೈಯಲ್ಲಿ ಹಿಡಿಯುವ ಆರಿಂಚಿನ ಪುಟ್ಟ ಮಿಷನ್ನುಗಳಲ್ಲಿ ಕಾಲಿಗಿಂತ ಮೊದಲು ಅಪಾಯ ಇರುವುದು ಕೊಂಬೆ ಹಿಡಿದ ಎಡಗೈಗೆ.

ಅಳತೆ

ಇಲ್ಲೇ ಹೆಚ್ಚು ತಪ್ಪಾಗುವುದು. ಚ್ಯಾಪ್ಸ್ ಕೊಳ್ಳುವಾಗ ಸೊಂಟದ ಸುತ್ತಳತೆಗಿಂತ ಉದ್ದ ಮುಖ್ಯ. ಕೆಲಸದ ಬೂಟು ಹಾಕಿ ನಿಂತು, ಬೆಲ್ಟಿನಿಂದ ಬೂಟಿನ ಲೇಸಿನ ತನಕ ಟೇಪಿನಲ್ಲಿ ಅಳೆಯಿರಿ. ಕವಚ ಬೂಟಿನ ಮೇಲೆ ಕೂರಬೇಕು. ಗಿಡ್ಡವಾದರೆ ಬೂಟಿಗೂ ಅಂಚಿಗೂ ನಡುವೆ ನಾಲ್ಕು ಬೆರಳು ಎಲುಬು ಬಯಲು. ಮೊಣಕಾಲು ಮಡಿಚಿ ಕೂತಾಗ ಇನ್ನೂ ಮೇಲೇರುತ್ತದೆ. ಉದ್ದವಾದರೆ ಹಿಮ್ಮಡಿಗೆ ಸಿಕ್ಕಿ ಎಡವುತ್ತೀರಿ.

ಹೊರದೇಶದ ಪ್ಯಾಂಟುಗಳು ಉದ್ದಕಾಲಿನವರಿಗೆ ಹೊಲಿದವು. ಐದೂವರೆ ಅಡಿಯವರಿಗೆ ಕೆಳಗೆ ಗೇಣುದ್ದ ಮಿಗುತ್ತದೆ. ಆಗ ಎಲ್ಲರೂ ಮಾಡುವುದು ಊರಿನ ದರ್ಜಿಗೆ ಕೊಟ್ಟು ಕತ್ತರಿಸಿ ಮಡಿಚಿ ಹೊಲಿಸುವುದು. ಬೇಡ. ಮಡಿಚಿದ ಹೊಲಿಗೆ ಒಳಪದರದ ನೂಲನ್ನು ಹಿಡಿದಿಟ್ಟುಬಿಡುತ್ತದೆ, ಎಳೆದರೆ ಬರುವುದಿಲ್ಲ. ಕತ್ತರಿಸಿದರೆ ನೂಲಿನ ಬುಡವೇ ಹೋಯಿತು. ಗಿಡ್ಡ ಅಳತೆಯದನ್ನು ಹುಡುಕಿ, ಅಥವಾ ಭುಜಕ್ಕೆ ಹಾಕುವ ಸಸ್ಪೆಂಡರ್ ಪಟ್ಟಿಯಿಂದ ಮೇಲಕ್ಕೆ ಎಳೆದುಕೊಳ್ಳಿ. ಪ್ಯಾಂಟ್ ಸೊಂಟದಿಂದ ಜಾರುವವರಿಗೂ ಬೆಲ್ಟಿಗಿಂತ ಸಸ್ಪೆಂಡರ್ ಒಳ್ಳೆಯದು. ಭಾರ ಒಂದು ಕೆಜಿಗೂ ಮೇಲಿರುತ್ತದೆ, ಬೆವರಿನಲ್ಲಿ ಒದ್ದೆಯಾದರೆ ಇನ್ನಷ್ಟು.

ಕವಚದ ಮೇಲೆ ಜೇಬು ಹೊಲಿಸುವುದು, ಮೊಣಕಾಲಿಗೆ ತೊಗಲಿನ ತೇಪೆ ಹಾಕಿಸುವುದು, ಎಸ್ಟೇಟಿನ ಹೆಸರಿನ ಬ್ಯಾಡ್ಜ್ ಹೊಲಿಸುವುದು, ಎಲ್ಲಕ್ಕೂ ಇದೇ ಉತ್ತರ. ಬ್ಯಾಡ್ಜ್ ಬೇಕೆಂದರೆ ಬೆಲ್ಟಿಗೆ ಹಾಕಿ.

ಸೆಕೆ, ಮಳೆ, ಇಂಬಳ

ಕವಚ ಯಾವುದಾದರೂ ಸೆಕೆ ಸೆಕೆಯೇ. ಒಳಗೆ ತೆಳು ಹತ್ತಿಯ ಪ್ಯಾಂಟ್ ಇರಲಿ, ಜೀನ್ಸ್ ಬೇಡ. ಬೆಳಿಗ್ಗೆ ಆರೂವರೆಗೆ ಶುರುಮಾಡಿ ಹತ್ತಕ್ಕೆ ನಿಲ್ಲಿಸಿ. ಮಧ್ಯಾಹ್ನ ಸೀಳುವ, ಒಟ್ಟುವ ಕೆಲಸ ಇಟ್ಟುಕೊಳ್ಳಿ. ಒಂದು ಟ್ಯಾಂಕ್ ಪೆಟ್ರೋಲ್ ಮುಗಿದಾಗಲೆಲ್ಲ ಚ್ಯಾಪ್ಸಿನ ಜಿಪ್ ಬಿಚ್ಚಿ, ನೀರು ಕುಡಿದು, ಚೈನಿಗೆ ಎರಡೆರಡು ಅರ ಹೊಡೆದು ಮುಂದಿನ ಸರದಿ. ಮಿಷನ್ ಹೂಬಿಸಿಲಿನ ಬಣ್ಣದ ದಪ್ಪ ಸಿಪ್ಪೆ ಉಗುಳುತ್ತಿದ್ದರೆ ಚೈನು ಹರಿತ, ಹಿಟ್ಟಿನಂಥ ಪುಡಿ ಬರುತ್ತಿದ್ದರೆ ಮೊಂಡು.

ಕಾಲಿಗೆ ಗಂಬೂಟು ನಮ್ಮ ಕಡೆ ಸಹಜ, ಇಂಬಳಕ್ಕೂ ಹಾವಿಗೂ ಅದೇ. ಆದರೆ ಸಾದಾ ಗಂಬೂಟನ್ನು ಚೈನು ಬಾಳೆದಿಂಡಿನಂತೆ ದಾಟುತ್ತದೆ. ಚೈನ್ ಸಾಗೆಂದೇ ಮಾಡಿದ ರಬ್ಬರ್ ಬೂಟು, ತೊಗಲಿನ ಬೂಟು ಎರಡೂ ಇವೆ. ಅವುಗಳ ಮೇಲೂ ಗರಗಸದ ಚಿತ್ರದ ಗುರುತು ಇರುತ್ತದೆ, ಜೊತೆಗೆ ಇಎನ್ ಐಎಸ್ಒ 17249 ಎಂಬ ಸಂಖ್ಯೆ. ಬಜೆಟ್ ಒಂದಕ್ಕೇ ಇದೆ ಎಂದರೆ ಮೊದಲು ಚ್ಯಾಪ್ಸ್, ಪಾದಕ್ಕೆ ತಾತ್ಕಾಲಿಕವಾಗಿ ಸ್ಟೀಲ್ ಟೋ ಇರುವ, ಅಡಿ ಜಾರದ ಲೇಸಿನ ಬೂಟು. ಸ್ಟೀಲ್ ಟೋ ಬೆರಳನ್ನಷ್ಟೇ ಕಾಯುತ್ತದೆ, ಲೇಸಿನ ಜಾಗ ಬಯಲೇ ಎಂಬುದು ನೆನಪಿರಲಿ. ಹವಾಯಿ ಚಪ್ಪಲಿಯ ಬಗ್ಗೆ ಬರೆಯಲು ಏನೂ ಇಲ್ಲ.

ಯಾರಿಗೆ ಯಾವುದು

ಮನೆಗೆ, ತೋಟಕ್ಕೆ, ವರ್ಷಕ್ಕೆ ಹತ್ತಿಪ್ಪತ್ತು ದಿನ, ನೆಲದ ಮೇಲಿನ ದಿಮ್ಮಿ: ಮೀನಖಂಡ ಸುತ್ತುವ ಚ್ಯಾಪ್ಸ್, ಟೈಪ್ ಎ, ಕ್ಲಾಸ್ 1. ಮಿಷನ್ ಒಂದು, ಹಿಡಿಯುವವರು ಹಲವರು ಎಂದರೂ ಅದೇ, ಆದರೆ ಬೇರೆ ಬೇರೆ ಉದ್ದದ ಎರಡು ಇಟ್ಟುಕೊಳ್ಳಿ. ಬಾಡಿಗೆಗೆ ಮಿಷನ್ ಹೊತ್ತು ಊರೂರು ತಿರುಗುವವರು: ಟೈಪ್ ಎ ಪ್ಯಾಂಟ್, ಹಿಂಭಾಗ ಗಾಳಿಯಾಡುವ ಬಟ್ಟೆಯದ್ದು, ಸಾಧ್ಯವಾದರೆ ಎರಡು ಜೊತೆ, ಒಂದು ಒಣಗುವಾಗ ಇನ್ನೊಂದು. ಮರ ಹತ್ತುವವರು: ಟೈಪ್ ಸಿ, ಅದರಲ್ಲಿ ಚೌಕಾಸಿ ಬೇಡ. ಇಳಿಜಾರಿನಲ್ಲಿ, ಗಾಳಿಗೆ ಬಿದ್ದ ಮರಗಳ ಒಟ್ಟಿಲಿನಲ್ಲಿ ಕೆಲಸ ಮಾಡುವವರಿಗೆ ಚ್ಯಾಪ್ಸಿನ ಪಟ್ಟಿಗಿಂತ ಪ್ಯಾಂಟೇ ಮೇಲು.

ಕೂಲಿಗೆ ಕರೆಸಿದ ಆಳಿಗೆ ಕವಚ ಕೊಡಬೇಕಾದವರು ಯಾರು ಎಂಬ ಪ್ರಶ್ನೆ ಬರುತ್ತದೆ. ತೋಟ ನಿಮ್ಮದು, ಕೆಲಸ ನಿಮ್ಮದು. ಒಂದು ಚ್ಯಾಪ್ಸ್ ಮನೆಯಲ್ಲಿ ಇಟ್ಟಿರಿ, ಮಿಷನ್ ಕೊಡುವ ಕೈಯಲ್ಲೇ ಅದನ್ನೂ ಕೊಡಿ. ‘ರೂಢಿಯಿಲ್ಲ ಸ್ವಾಮಿ’ ಎನ್ನುತ್ತಾರೆ. ಮೊದಲ ದಿನ ಎನ್ನುತ್ತಾರೆ.

ಇನ್ನು, ಕವಚ ಇದ್ದರೂ ಬಿಡಬಾರದ ಕೆಲವು ಮಾತು. ದಿಮ್ಮಿಯನ್ನು ಕಾಲಿನಿಂದ ಒತ್ತಿ ಹಿಡಿದು ಕುಯ್ಯಬೇಡಿ. ಎಕ್ಸ್ ಆಕಾರದ ಮರದ ಕುದುರೆ ಮಾಡಿಕೊಳ್ಳಿ, ಸೊಂಟಕ್ಕಿಂತ ಸ್ವಲ್ಪ ಕೆಳಗಿನ ಎತ್ತರಕ್ಕೆ. ಬಾರಿನ ನೇರಕ್ಕೆ ನಿಲ್ಲದೆ ಅದರ ಎಡಪಕ್ಕಕ್ಕೆ ನಿಲ್ಲಿ. ಕೊಂಬೆ ಸವರುವಾಗ ಕಾಂಡ ಮಿಷನ್ನಿಗೂ ಕಾಲಿಗೂ ನಡುವೆ ಇರಲಿ. ಎರಡು ಹೆಜ್ಜೆಗಿಂತ ಹೆಚ್ಚು ನಡೆಯಬೇಕಾದರೆ ಚೈನ್ ಬ್ರೇಕ್ ಹಾಕಿ. ಸ್ಟಾರ್ಟ್ ಮಾಡುವಾಗಲೂ ಬ್ರೇಕ್ ಇರಬೇಕು, ಮಿಷನ್ ನೆಲದ ಮೇಲೆ, ಬಲಬೂಟಿನ ತುದಿ ಹಿಂದಿನ ಹಿಡಿಕೆಯೊಳಗೆ. ಗಾಳಿಯಲ್ಲಿ ತೂಗಿಬಿಟ್ಟು ಹಗ್ಗ ಎಳೆಯುವ ಸ್ಟೈಲು ಬೇಡ. ಐಡಲಿನಲ್ಲಿ ಚೈನು ತಾನಾಗಿ ಸರಿಯುತ್ತಿದ್ದರೆ ಐಡಲ್ ಸ್ಕ್ರೂ ತಿರುಗಿಸಿ ಸರಿಮಾಡಿದ ಮೇಲೆಯೇ ಮುಂದಿನ ಮಾತು.

ಒಗೆಯುವುದು, ಒಣಗಿಸುವುದು, ಬಿಸಾಡುವುದು

ಬಾರಿನ ಎಣ್ಣೆ ಎಡತೊಡೆಯ ಮೇಲೆ ಸಿಡಿಯುತ್ತಲೇ ಇರುತ್ತದೆ. ಎಣ್ಣೆ ಕುಡಿದ ನೂಲು ಒಂದಕ್ಕೊಂದು ಅಂಟಿ ಗಂಟಾಗುತ್ತದೆ, ಬೆಂಕಿಗೂ ಬೇಗ ಹತ್ತುತ್ತದೆ. ಹದಿನೈದು ದಿನದ ಕೆಲಸಕ್ಕೊಮ್ಮೆ ಒಗೆಯಿರಿ. ಉಗುರುಬೆಚ್ಚಗಿನ ನೀರು, ಸಾದಾ ಸೋಪು, ಮೆತ್ತನೆ ಬ್ರಷ್. ಬ್ಲೀಚ್ ಬೇಡ, ಸಾಫ್ಟ್‌ನರ್ ಬೇಡ, ಸೀಮೆಎಣ್ಣೆ, ಪೆಟ್ರೋಲಿನಲ್ಲಿ ಅದ್ದಿ ಎಣ್ಣೆ ತೆಗೆಯುವ ಉಪಾಯವಂತೂ ಬೇಡ. ಬಟ್ಟೆ ಒಗೆಯುವ ಕಲ್ಲಿಗೆ ಬಡಿಯಬೇಡಿ. ಹಿಂಡಬೇಡಿ, ನೀರು ಸೋರಲು ಬಿಡಿ. ನೆರಳಿನಲ್ಲಿ, ಬೆಲ್ಟಿನಿಂದ ನೇತುಹಾಕಿ ಒಣಗಿಸಿ. ಮಳೆಗಾಲದಲ್ಲಿ ಒಣಗುವುದಿಲ್ಲವೆಂದು ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕಿದರೆ ಹೊಗೆ ಹಿಡಿಯುವುದಷ್ಟೇ ಅಲ್ಲ, ಕಾವು ಹೆಚ್ಚಾಗಿ ಒಳಗಿನ ಪಾಲಿಯೆಸ್ಟರ್ ಮೆತ್ತಗಾಗಿ ಹೆಪ್ಪುಗಟ್ಟುತ್ತದೆ. ಹೊರಗಿನಿಂದ ಅದು ಗೊತ್ತೇ ಆಗದು.

ಕೊಕ್ಕೆಗೆ ಸಿಕ್ಕಿ ಹೊರಬಟ್ಟೆ ಮಾತ್ರ ಹರಿದು, ಒಳಗಿನ ನೂಲು ತುಂಡಾಗಿಲ್ಲವೆಂದರೆ ಕಂಪನಿ ಹೇಳುವ ಅಂಟಿನ ತೇಪೆ ಹಚ್ಚಬಹುದು, ದಾರದ ಹೊಲಿಗೆ ಬೇಡ. ಓಡುವ ಚೈನು ಒಂದು ಸಲ ನೂಲಿನ ತನಕ ತಾಗಿದ ಕವಚದ ಆಯುಸ್ಸು ಮುಗಿಯಿತು. ಒಳಗಿನ ನೂಲು ಒಂದು ಕಡೆ ಎಳೆದುಹೋದರೆ ಅಕ್ಕಪಕ್ಕದ ಒಂದು ಮೊಳವೂ ಖಾಲಿಯಾಗಿರುತ್ತದೆ.

ಹಾಗೆ ತಾಗಿದ ಹೊತ್ತಿನಲ್ಲಿ ಮೊದಲು ಮಿಷನ್ ಆಫ್ ಮಾಡಿ, ಆಮೇಲೆ ಕಾಲು ನೋಡಿ. ಕವಚ ಬಿಚ್ಚಿ ಪ್ಯಾಂಟ್ ಮೇಲೆತ್ತಿ ನೋಡಿ. ಬಡಿತಕ್ಕೆ ನೀಲಿಗಟ್ಟಿರಬಹುದು, ಗೀರಿರಬಹುದು. ರಕ್ತ ಚಿಮ್ಮುತ್ತಿದ್ದರೆ ಸ್ವಚ್ಛ ಬಟ್ಟೆ ಒತ್ತಿ ಹಿಡಿದು ಮೈಭಾರ ಹಾಕಿ. ನಿಲ್ಲದಿದ್ದರೆ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಮೊಣಕಾಲಿನ ಕೀಲಿನ ಮೇಲಲ್ಲದಂತೆ, ಅಗಲ ಪಟ್ಟಿಯ ಟೂರ್ನಿಕೆ (ರಕ್ತ ನಿಲ್ಲಿಸಲು ಬಿಗಿಯುವ ಕಟ್ಟು) ಬಿಗಿದು, ಕಟ್ಟಿದ ಹೊತ್ತು ಬರೆದಿಟ್ಟು 108ಕ್ಕೆ ಕರೆ ಮಾಡಿ. ತೊಡೆಯ ದೊಡ್ಡ ರಕ್ತನಾಳ ಕುಯ್ದುಹೋದರೆ ಇರುವ ಸಮಯ ನಿಮಿಷಗಳ ಲೆಕ್ಕ, ಆದ್ದರಿಂದ ಕಾಡಂಚಿನಲ್ಲಿ ಒಬ್ಬರೇ ಮಿಷನ್ ಹಿಡಿಯುವುದು ಬೇಡ, ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಮೊದಲೇ ನೋಡಿಟ್ಟಿರಿ.

ಗಾಯವಿಲ್ಲದಿದ್ದರೆ, ಚಹಾ ಕುಡಿದ ಮೇಲೆ, ಬಾರಿನ ನಟ್ ಬಿಚ್ಚಿ ಸ್ಪ್ರಾಕೆಟ್ ಕವರ್ ತೆಗೆಯಿರಿ. ಒಳಗೆ ಬಿಳಿ ನೂಲಿನ ಗಟ್ಟಿ ಉಂಡೆ ಇರುತ್ತದೆ. ಇಕ್ಕಳದಿಂದ ಎಳೆದು, ಬೇಕಾದಲ್ಲಿ ಬ್ಲೇಡಿನಿಂದ ಕೊಯ್ದು ಪೂರ್ತಿ ತೆಗೆಯಿರಿ. ಕ್ಲಚ್ ಡ್ರಮ್ಮಿನ ಹಿಂದೆ ಉಳಿದ ಎಳೆ ಎಣ್ಣೆ ಪಂಪಿನ ಗೇರಿಗೆ ಸುತ್ತಿಕೊಂಡರೆ ಮುಂದಿನ ದಿನ ಬಾರ್ ಒಣಗಿ ಸುಡುತ್ತದೆ. ತಾಗಿದ ಚ್ಯಾಪ್ಸಿನ ಹೊರಬಟ್ಟೆಯನ್ನು ಬಿಡಿಸಿ ಒಳಪದರ ಹೇಗೆ ಎಳೆದುಹೋಗಿದೆ ಎಂದು ಮನೆಯವರಿಗೆ, ಆಳುಗಳಿಗೆ ತೋರಿಸಿ. ಆಮೇಲೆ ಬೆಲ್ಟ್ ಕತ್ತರಿಸಿ ಎರಡು ತುಂಡು ಮಾಡಿ, ಬೇರೆ ಯಾರೂ ‘ಇನ್ನೂ ಚೆನ್ನಾಗಿದೆ’ ಎಂದು ಎತ್ತಿ ಕಟ್ಟಿಕೊಳ್ಳದ ಹಾಗೆ.